ಮೇಲಿನ ಬೀದಿಯ ಬಿಂದಿಗೆ

ಸೊಸೆಯನ್ನು ಅವಳ ಎದುರಿಗೆ ಹೊಗಳಬಾರದು, ಹೊಗಳಿದರೆ ತಲೆಯ ಮೇಲೆ ಕೂರುತ್ತಾಳೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ಸಾಯುವ ತನಕ ಆ ಮಾತು ಪಾಲಿಸಿದಳು, ಅದಕ್ಕೆ ನಾನೇ ಸಾಕ್ಷಿ. ನಾನೂ ಪಾಲಿಸಿಕೊಂಡು ಬಂದಿದ್ದೆ. ತನುಜ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಅವಳ ಸಾರಿಗೆ "ಪರವಾಗಿಲ್ಲ" ಎನ್ನುವುದಕ್ಕಿಂತ ದೊಡ್ಡ ಮಾತು ಈ ಕೊಂಡಮ್ಮನ ಬಾಯಿಂದ ಬಂದದ್ದಿಲ್ಲ. ಆದರೆ ಈ ಸಲದ ಯುಗಾದಿಯಲ್ಲಿ ನಡೆದದ್ದನ್ನು ಹೇಳದೆ ಇದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಕೇಳಿ.

ನಮ್ಮೂರು ದಿಬ್ಬೂರಹಳ್ಳಿಯಿಂದ ಸಾದಲಿ ಕಡೆಗೆ ಹೋಗುವ ದಾರಿಯಲ್ಲಿದೆ. ಮೇಲಿನ ಬೀದಿ, ಕೆಳಗೆ ನಮ್ಮ ಕಾಲೋನಿ, ಎರಡರ ನಡುವೆ ಹಾಲಿನ ಡೈರಿ. ನೀರಿಗಾಗಿ ಬೋರು ಕೊರೆದು ಕೊರೆದು ಪಾತಾಳ ಮುಟ್ಟಿಸಿದ್ದಾರೆ. ಅಲ್ಲಿಂದ ಬರುವ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಪಾತ್ರೆಗೆ ಕಟ್ಟುವುದು ಮೈಗೆ ಕಟ್ಟದೆ ಬಿಡುತ್ತದೆಯೇ? ನಮ್ಮೂರಿನ ಹುಡುಗರ ಹಲ್ಲುಗಳ ಮೇಲೆಲ್ಲ ಕಂದು ಗೆರೆ. ನನ್ನ ಮೊಣಕಾಲು ಮಡಿಚುವುದಿಲ್ಲ. ನಮ್ಮ ಯಜಮಾನರ ಕತ್ತು ತಿರುಗುವುದಿಲ್ಲ. ಗಂಡನ ಹೆಸರು ಹೇಳಬಾರದಂತೆ, ಹೇಳದಿದ್ದರೆ ನಿಮಗೆ ಗೊತ್ತಾಗುವುದು ಹೇಗೆ? ನಲ್ಲಪ್ಪ ಅಂತ. ಹಿಂದಿನಿಂದ ಯಾರಾದರೂ ಕೂಗಿದರೆ ಆತ ಇಡೀ ಮೈ ತಿರುಗಿಸಿ ನೋಡಬೇಕು. "ನಲ್ಲಪ್ಪ ತಿರುಗೋದೂ ಒಂದೇ, ಲಾರಿ ರಿವರ್ಸ್ ತೆಗೆಯೋದೂ ಒಂದೇ" ಎಂದು ಡೈರಿಯ ಹತ್ತಿರ ಹುಡುಗರು ನಗುತ್ತಾರೆ. ಆತನೂ ನಗುತ್ತಾನೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ಮೊಮ್ಮಗಳು ಸೌಜನ್ಯಳಿಗೆ ಜ್ವರ ಬಂದಿತೆಂದು ತನುಜ ಅವಳನ್ನು ಶಿಡ್ಲಘಟ್ಟದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನಮ್ಮೂರ ಹೆಸರು ಕೇಳಿ ಅವರು ಮಗುವಿನ ಬಾಯಿ ತೆರೆಸಿ ನೋಡಿದರಂತೆ. "ಇವು ಹಾಲು ಹಲ್ಲು, ಇವು ಹೋಗ್ತವೆ. ಆದರೆ ಮುಂದೆ ಬರೋ ಹಲ್ಲು ಈಗಲೇ ಒಸಡಿನೊಳಗೆ ಕಟ್ಟಿಕೊಳ್ತಾ ಇದೆ. ಈಗ ಕುಡಿಯೋ ನೀರೇ ಆಗ ಕಾಣೋದು" ಎಂದರಂತೆ. ನಿಮ್ಮೂರ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿಗೂ ಮೂಳೆಗೂ ಅದೇ ಶನಿ ಎಂದೂ ಹೇಳಿದರಂತೆ. ಅವತ್ತಿನಿಂದ ನನ್ನ ಸೊಸೆ ನೆಟ್ಟಗೆ ನಿದ್ದೆ ಮಾಡಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆಯವರು ಹಳ್ಳಿಗಳಲ್ಲಿ ಸೋಲಾರ್‌ನಿಂದ ಓಡುವ ಫಿಲ್ಟರ್ ಮಷಿನ್ ಹಾಕುತ್ತಾರೆ ಎಂದು ಎಲ್ಲಿ ಕೇಳಿದಳೋ, ಅವರ ಬೆನ್ನು ಬಿದ್ದಳು. ಆ ಕಡೆಯಿಂದ ಬರುತ್ತಿದ್ದವನು ಮೋಹನ್‌ಬಾಬು ಎಂಬ ಹುಡುಗ. ಒಳ್ಳೆಯವನು, ಬಂದಾಗೆಲ್ಲ ನನ್ನನ್ನು "ಅವ್ವಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸುತ್ತಾನೆ. ಇವಳು ಅವನಿಗೆ ಎಷ್ಟು ಸಲ ಫೋನ್ ಮಾಡಿದಳೆಂದರೆ, ಈ ಅಕ್ಕನ ಕಾಟ ತಪ್ಪಿದರೆ ಸಾಕು ಎಂದೇ ಅವನು ಮಷಿನ್ ತಂದನೋ ಏನೋ.

ಮಷಿನ್ ಎಲ್ಲಿ ಇಡುವುದು ಎಂಬ ಮಾತು ಬಂತು. ಮೇಲಿನ ಬೀದಿಯವರು ಅರಳಿಕಟ್ಟೆಯ ಪಕ್ಕ ಎಂದರು. ಅಲ್ಲಿ ಬರೀ ಮರದ ನೆರಳು, ಸೋಲಾರ್ ಹಲಗೆಗೆ ಬಿಸಿಲು ಬೀಳುವುದಿಲ್ಲ. ಇಡೀ ದಿನ ಬಿಸಿಲು ಬೀಳುವ ಚಾವಣಿ ಎಂದರೆ ಕಾಲೋನಿಯ ನಮ್ಮ ಸಮುದಾಯ ಭವನದ್ದೇ. ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದಲೂ ನೆರಳು ಅವರ ಪಾಲು, ಬಿಸಿಲು ನಮ್ಮ ಪಾಲು. ಆ ಬಿಸಿಲಿಗೂ ಒಂದು ಬೆಲೆ ಬಂತಲ್ಲ ಎಂದುಕೊಂಡೆ.

ಹಂಗೆ ಹೋದ ದಸರಾ ಹೊತ್ತಿಗೆ ಭವನದ ಮೇಲೆ ಹಲಗೆ, ಒಳಗೆ ಮಷಿನ್, ಹೊರಗೆ ನಲ್ಲಿ ಬಂದವು. ಕರೆಂಟ್ ಬಿಲ್ಲಿನ ತಲೆನೋವಿಲ್ಲದ್ದರಿಂದ ಒಂದು ಕ್ಯಾನ್ ನೀರು ಅರ್ಧ ಟೀಗಿಂತ ಅಗ್ಗ. ಆದರೆ ಸಂಸ್ಥೆಯವರದ್ದು ಒಂದು ಮಾತಿತ್ತು. ಮಷಿನ್ ನಡೆಸುವವರು, ರಿಪೇರಿ ಮಾಡಿಸುವವರು ಊರಿನ ಹೆಂಗಸರೇ. ಕಾಲೋನಿಯ ಮನೆಗಳಷ್ಟೇ ಕೊಂಡರೆ ರಿಪೇರಿಗೆ ಸಾಲದು, ಬೆಲೆ ಏರಿಸಿದರೆ ಕಾಲೋನಿಯವರೇ ಕೊಳ್ಳಲಾರರು. ಮೇಲಿನ ಬೀದಿಯ ಅರ್ಧ ಮನೆಗಳಾದರೂ ಬರಬೇಕು. ಯುಗಾದಿಯ ಹೊತ್ತಿಗೂ ಬರದಿದ್ದರೆ ಮುರುಗಮಲ್ಲದ ಹತ್ತಿರದ ಒಂದು ಹಳ್ಳಿಯವರು ಕಾಯುತ್ತಿದ್ದಾರೆ, ಅಲ್ಲಿಗೆ ಮಷಿನ್ ಹೋಗುತ್ತದೆ.

ಮೇಲಿನ ಬೀದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಕೇಳಿದರೆ "ಆ ನೀರು ಸಪ್ಪೆ" ಎನ್ನುತ್ತಿದ್ದರು. ಸಪ್ಪೆ ಹೌದು, ನನಗೂ ಮೊದಲು ಹಂಗೇ ಅನ್ನಿಸಿತ್ತು, ಕುಡಿಯುತ್ತಾ ಕುಡಿಯುತ್ತಾ ಅಭ್ಯಾಸವಾಯಿತು. ಆದರೆ ಇವರು ಕುಡಿದು ನೋಡಿದರಲ್ಲವೇ ಸಪ್ಪೆಯೋ ಉಪ್ಪೋ ಗೊತ್ತಾಗುವುದು! ದುಡ್ಡಿದ್ದವರು ಸಾದಲಿಯಿಂದ ಟೆಂಪೋದಲ್ಲಿ ದುಬಾರಿ ಕ್ಯಾನ್ ತರಿಸಿಕೊಂಡರು, ಇಲ್ಲದವರು ಬೋರು ನೀರನ್ನೇ ಕುಡಿದರು. ನೀರು ನಮ್ಮ ಕಾಲೋನಿಯದ್ದು, ನಲ್ಲಿ ಹಿಡಿಯುವ ಕೈ ನಮ್ಮದು. ಅವರಿಗೆ ರುಚಿಸದೆ ಇದ್ದದ್ದು ಅದು. ಬೆಳಗ್ಗೆ, ಸಂಜೆ ನಮ್ಮ ಹಸುವಿನ ಹಾಲೂ ಅವರ ಹಸುವಿನ ಹಾಲೂ ಡೈರಿಯ ಒಂದೇ ಕ್ಯಾನಿಗೆ ಬೀಳುತ್ತದೆ, ಅದಕ್ಕೆ ಮೈಲಿಗೆಯಿಲ್ಲ. ರೇಷ್ಮೆ ಹುಳು ಹಣ್ಣಾದಾಗ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಲು ನಮ್ಮನ್ನೇ ಕರೆಯುತ್ತಾರೆ, ನಮ್ಮ ಕೈ ಮುಟ್ಟಿದ ಹುಳು ಚೆನ್ನಾಗಿಯೇ ಗೂಡು ಕಟ್ಟುತ್ತದೆ. ನೀರಿಗೆ ಮಾತ್ರ ನಮ್ಮ ಕೈ ಆಗುವುದಿಲ್ಲ.

ನಾನಾಗಿದ್ದರೆ ಡೈರಿಯ ಮುಂದೆ ನಿಂತು ಇದನ್ನೆಲ್ಲ ಕೂಗಿ ಹೇಳುತ್ತಿದ್ದೆ. ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇ ಬಿಟ್ಟಿದ್ದೆ. ತನುಜ ಬಾಗಿಲಲ್ಲಿ ಅಡ್ಡ ನಿಂತಳು.

"ಬೇಡಿ ಅತ್ತೆ. ನೀವು ಬೈದ್ರೆ ಅವ್ರಿಗೆ ಒಂದು ನೆಪ ಸಿಗ್ತದೆ."

"ಮತ್ತೆ ಏನ್ ಮಾಡ್ತೀಯೇ? ಕಾಲು ಹಿಡ್ಕೊಂಡು ಕರೀತೀಯಾ?"

"ಕಾಲೂ ಹಿಡಿಯಲ್ಲ, ಜಗಳಾನೂ ಆಡಲ್ಲ. ಸೌಜನ್ಯಂಗೆ ಹಲ್ಲು ಬರೋ ತನ್ಕ ಈ ಮಷಿನ್ ಇಲ್ಲೇ ಇರ್ಬೇಕು. ನಂಗೆ ಅಷ್ಟೇ ಬೇಕಾಗಿರೋದು."

ಮೇಲಿನ ಬೀದಿಯ ಮನೆಮನೆಗೂ ಹೋದಳು. ಅಂಗಳದಲ್ಲೇ ನಿಲ್ಲಿಸಿ ಮಾತಾಡಿದರು, ಇವಳು ನಿಂತೇ ಹೇಳಿದಳು. ಮೂಳೆ, ಹಲ್ಲು, ಫ್ಲೋರೈಡ್ ಎಲ್ಲಾ ಹೇಳಿದಳು. ಹೂಂ ಹೂಂ ಎಂದು ತಲೆಯಾಡಿಸಿ ಕಳಿಸಿದರು. ಲಕ್ಷ್ಮೀನರಸಮ್ಮನ ಮನೆಗೂ ಹೋಗಿದ್ದಳು. ಅವಳು ಗಂಡ ಇಲ್ಲದ ಹೆಂಗಸು, ಹುಳು ಸಾಕಿಕೊಂಡು ಒಬ್ಬಳೇ ಮಗಳು ಆಶಾರಾಣಿಯನ್ನು ಓದಿಸಿ, ಹೋದ ಮಾಘದಲ್ಲಿ ಚಿಂತಾಮಣಿ ಕಡೆಗೆ ಮದುವೆ ಮಾಡಿಕೊಟ್ಟಿದ್ದಳು. ಆಶಾರಾಣಿ ಲಕ್ಷಣವಾದ ಹುಡುಗಿ, ಆದರೆ ನಗುವಾಗ ಕೈ ಬಾಯಿಗೆ ಹೋಗುತ್ತದೆ. ಮದುವೆಯ ಫೋಟೋದಲ್ಲೂ ಬಾಯಿ ಮುಚ್ಚಿಕೊಂಡೇ ನಿಂತಿದ್ದಾಳೆ. ಕಂದು ಗೆರೆಗೆ ಮೇಲಿನ ಬೀದಿ, ಕೆಳಗಿನ ಬೀದಿ ಗೊತ್ತಿಲ್ಲ ನೋಡಿ. ಅದು ಆ ತಾಯಿಗೆ ಗೊತ್ತಿದ್ದೂ ಅವಳು ಬರಲಿಲ್ಲ.

ಯುಗಾದಿ ಹತ್ತಿರ ಬಂತು. ನಾನು ಕೈ ಚೆಲ್ಲಿ ಕೂತಿದ್ದೆ. ಹಬ್ಬದ ಹಿಂದಿನ ದಿನ ಸಂಜೆ ನನ್ನ ಸೊಸೆ ಮಾಡಿದ ಕೆಲಸ ನೋಡಿ ಇವಳಿಗೆ ತಲೆ ಕೆಟ್ಟಿತೇ ಎಂದುಕೊಂಡೆ. ಡೈರಿಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ, ಭವನದ ಜಗಲಿಯ ಮೇಲೆ ಎರಡು ಕರೆಂಟ್ ಒಲೆ ಇಟ್ಟಳು. ಹಗಲೆಲ್ಲ ಬಿಸಿಲು ಕುಡಿದು ತುಂಬಿದ್ದ ಬ್ಯಾಟರಿಯಿಂದ ವೈರು ಎಳೆದಳು. ಎರಡರ ಮೇಲೂ ಒಂದೇ ಅಳತೆಯ ಪಾತ್ರೆ, ಒಂದೇ ಅಳತೆಯ ತೊಗರಿಬೇಳೆ. ಒಂದಕ್ಕೆ ಬೋರು ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು.

"ಏನಮ್ಮಾ ಇದು, ಬಿಸಿಲಲ್ಲಿ ಬೇಳೆ ಬೇಯಿಸ್ತೀಯಾ?" ಡೈರಿಯಲ್ಲಿ ಹಾಲಿನ ಅಳತೆ ನೋಡುವ ವೆಂಕಟರವಣಪ್ಪ ಅಲ್ಲಿಂದಲೇ ಕೂಗಿದ. "ನಿನ್ ಬೇಳೆ ನಮ್ಮೂರಲ್ಲಿ ಬೇಯಲ್ಲ ಬಿಡು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ತನುಜಳೂ ನಕ್ಕಳು. "ಬೇಯುತ್ತೋ ಇಲ್ವೋ ನೋಡ್ಕೊಂಡೇ ಹೋಗಣ್ಣ, ನಿಂಗೇನು ದುಡ್ಡು ಕೇಳ್ತೀನಾ?"

ಬೇಳೆಯ ಕಷ್ಟ ಏನೆಂದು ಇಲ್ಲಿ ಹೇಳಬೇಕು. ನಮ್ಮೂರ ಬೋರು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುದಿಯುತ್ತದೆ, ಉಕ್ಕುತ್ತದೆ, ಕಾಳು ಮಾತ್ರ ಕಲ್ಲು. ದಿನದ ಸಾರಿಗೆ ಕುಕ್ಕರಿಗೆ ಹಾಕಿ ವಿಶಲ್ ಮೇಲೆ ವಿಶಲ್ ಹೊಡೆಸುತ್ತೇವೆ. ಒಬ್ಬಟ್ಟಿನ ಬೇಳೆಯನ್ನು ಹಂಗೆ ಮಾಡುವಂತಿಲ್ಲ. ಅದು ತೆರೆದ ಪಾತ್ರೆಯಲ್ಲೇ ಬೇಯಬೇಕು, ಹಿಸುಕಿದರೆ ಬೆಣ್ಣೆ ಆಗಬೇಕು, ಬಸಿದ ಕಟ್ಟು ಸಾರಿಗೆ ಬೇಕು. ಅದಕ್ಕೇ ಯುಗಾದಿ ಬಂತೆಂದರೆ ನಮ್ಮೂರ ಹೆಂಗಸರಿಗೆ ಒಲೆಯ ಮುಂದೆ ಅರ್ಧ ದಿನ. ಕೆಲವರು ಸೋಡಾ ಹಾಕುತ್ತಾರೆ, ಬೇಗ ಬೇಯುತ್ತದೆ, ಆದರೆ ಸ್ವಲ್ಪ ಕೈ ಜಾಸ್ತಿಯಾದರೆ ಹೂರಣ ಸೋಪಿನ ವಾಸನೆ ಹೊಡೆಯುತ್ತದೆ.

ಹಾಲು ಹಾಕಿದವರು ಹೋಗಲಿಲ್ಲ, ಒಬ್ಬೊಬ್ಬರೇ ನಿಂತರು. ಫಿಲ್ಟರ್ ನೀರಿನ ಬೇಳೆ ಸಾಲು ಕರಗುವಷ್ಟರಲ್ಲೇ ಅರಳಿತು. ತನುಜ ಸೌಟಿನಲ್ಲಿ ಎತ್ತಿ ತೋರಿಸಿ, ಬೆರಳಲ್ಲಿ ಹಿಸುಕಿದಳು, ಹಿಟ್ಟಿನ ಹಾಗೆ ಆಯಿತು. ಬೋರು ನೀರಿನದ್ದನ್ನು ಎತ್ತಿ ತಟ್ಟೆಗೆ ಹಾಕಿದಳು, ಟಣ್ ಎಂದಿತು.

"ಬೇಳೆ ಬೇರೆ ಬೇರೆ ಇರ್ಬೇಕು" ಎಂದ ವೆಂಕಟರವಣಪ್ಪ.

"ಹಂಗಾದ್ರೆ ನಿಮ್ಮನೇದೇ ತಗೊಂಬಾ ಅಣ್ಣ."

ಹಟಕ್ಕೆ ಬಿದ್ದು ಮನೆಯಿಂದ ತಂದ. ಎಲ್ಲರೂ ಕಾದರು. ಅದೂ ಬೆಂದಿತು. ವೆಂಕಟರವಣಪ್ಪ ಕಾಳನ್ನು ಹಿಸುಕಿ, ಬೆರಳನ್ನು ಪಂಚೆಗೆ ಒರೆಸಿಕೊಂಡ. ಹಿಸುಕಿದ್ದನ್ನು ಬಾಯಿಗಿಡಲಿಲ್ಲ, ಗಮನಿಸಿದೆ. ಹೆಂಗಸರ ಸಾಲಿನಲ್ಲಿ ಲಕ್ಷ್ಮೀನರಸಮ್ಮ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಆ ಪಾತ್ರೆಯನ್ನೇ ನೋಡುತ್ತಿದ್ದಳು. ತನುಜ ಮೂಳೆಯ ಮಾತು ಎತ್ತಲಿಲ್ಲ, ಜಾತಿಯ ಮಾತು ಎತ್ತಲಿಲ್ಲ. "ನಾಳೆ ಹಬ್ಬ. ಬೆಳಗ್ಗೆಯಿಂದ ನಲ್ಲಿ ತೆಗೆದಿರ್ತೀನಿ. ಗ್ಯಾಸ್ ಉಳಿತದೆ" ಎಂದಳು, ಅಷ್ಟೇ. ಎಲ್ಲರೂ ಮನೆಗೆ ಹೋದರು.

"ನೋಡ್ದಾ? ಒಬ್ರಾದ್ರೂ ಹೂಂ ಅಂದ್ರಾ?" ಎಂದೆ ನಾನು.

"ಇಲ್ಲ ಅಂತಾನೂ ಅನ್ಲಿಲ್ಲ ಅತ್ತೆ" ಎಂದು ಅವಳು ಒಲೆ ಒರೆಸತೊಡಗಿದಳು.

ಯುಗಾದಿಯ ಬೆಳಗ್ಗೆ ಎಣ್ಣೆ ನೀರು ಹಾಕಿಕೊಂಡು, ಬೇವು ಬೆಲ್ಲ ತಿಂದು ಮುಗಿಸುವಷ್ಟರಲ್ಲಿ ತನುಜ ನನ್ನನ್ನು ನಲ್ಲಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದಳು. "ಪೈಪು ನೀವು ಹಿಡೀರಿ, ನಾನು ಕಣಕ ನಾದ್ತೀನಿ" ಎಂದಳು. ನಮ್ಮ ಮನೆ ಭವನದ ಎದುರಿಗೇ. ಹಬ್ಬದ ದಿನ ಯಾರು ಬರುತ್ತಾರೆ ಎಂದು ಗೊಣಗಿಕೊಂಡೇ ಕೂತೆ. ಕಾಲೋನಿಯವರು ಬಂದು ಹಿಡಿದುಕೊಂಡು ಹೋದರು. ಆಮೇಲೆ ಯಾರೂ ಇಲ್ಲ. ನಮ್ಮನೆಯಿಂದಾಗಲೇ ಹೂರಣದ ಏಲಕ್ಕಿ ವಾಸನೆ ಬರುತ್ತಿತ್ತು. ಬಿಸಿಲು ಏರಿತು. ಮಷಿನ್ ಹೋಯಿತು ಎಂದೇ ನಾನು ಲೆಕ್ಕ ಹಾಕಿಕೊಂಡೆ. ಸೌಜನ್ಯ ನನ್ನ ಕಾಲ ಹತ್ತಿರ ಕೂತು ಬೆಲ್ಲ ಚೀಪುತ್ತಿದ್ದಳು. ಅವಳ ಬಿಳಿ ಹಲ್ಲನ್ನೇ ನೋಡುತ್ತಾ ಕೂತೆ.

ಆಗ ಡೈರಿಯ ಪಕ್ಕದಿಂದ ಒಬ್ಬಳು ಇಳಿದು ಬಂದಳು. ಹೊಸ ಸೀರೆ. ಸೆರಗಿನ ಮರೆಯಲ್ಲಿ ಬಿಂದಿಗೆ. ಲಕ್ಷ್ಮೀನರಸಮ್ಮ.

"ಏನ್ ಮಾಡ್ಲಿ ಕೊಂಡಮ್ಮ" ಎಂದಳು. ನನ್ನ ಮುಖ ನೋಡಲಿಲ್ಲ. "ಬೆಳಗ್ಗೆಯಿಂದ ಬೇಳೆ ಕುದೀತಾನೇ ಐತೆ. ಸೋಡಾ ಹಾಕ್ದೆ, ಕೈ ಜಾಸ್ತಿ ಆಗೋಯ್ತು, ಎಲ್ಲಾ ಚೆಲ್ಬಿಟ್ಟೆ. ಗ್ಯಾಸೂ ಮುಗಿಯೋ ಹಂಗೈತೆ. ಅಳಿಯಂಗೆ ನಮ್ಮನೇಲಿ ಮೊದಲ್ನೇ ಯುಗಾದಿ."

ನನ್ನ ನಾಲಿಗೆ ತುರಿಸಿತು. ಏಕೆಂದು ಹೇಳುತ್ತೇನೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಬೋರು ಇರಲಿಲ್ಲ, ಮೇಲಿನ ಬೀದಿಯಲ್ಲಿ ಸೇದುವ ಬಾವಿ ಇತ್ತು. ನಾವು ಬಾವಿ ಮುಟ್ಟುವಂತಿರಲಿಲ್ಲ. ನಮ್ಮತ್ತೆ ಬಿಂದಿಗೆ ನೆಲದ ಮೇಲಿಟ್ಟು, ಹಿಂದೆ ಸರಿದು, ಕೈಕಟ್ಟಿ ನಿಲ್ಲುತ್ತಿದ್ದಳು. ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಸುರಿಯುತ್ತಿದ್ದರು, ಅರ್ಧ ಬಿಂದಿಗೆಗೆ, ಅರ್ಧ ನೆಲಕ್ಕೆ. ಇದೇ ಲಕ್ಷ್ಮೀನರಸಮ್ಮನ ಅತ್ತೆ ನನಗೆ "ಏ ಕೊಂಡಿ, ಹಿಂದಕ್ಕೆ ನಿಲ್ಲೇ!" ಎನ್ನುತ್ತಿದ್ದಳು. ಹೊಸ ಮದುಮಗಳು ನಾನು, ಕೈಯಲ್ಲಿನ್ನೂ ಹಸಿರು ಬಳೆ. ಆ ಮಾತನ್ನು ಯಾವತ್ತಾದರೂ ಒಂದು ದಿನ ವಾಪಸ್ ಕೊಡಬೇಕು ಎಂದು ನಾನು ಬಾಯೊಳಗೇ ಇಟ್ಟುಕೊಂಡು ಮುದುಕಿಯಾಗಿದ್ದೆ. ಈಗ ಪೈಪು ನನ್ನ ಕೈಯಲ್ಲಿ, ಬಿಂದಿಗೆ ಅವಳ ಕೈಯಲ್ಲಿ. ದೇವುಡಾ, ಇದಕ್ಕಿಂತ ಒಳ್ಳೆಯ ಹಬ್ಬ ಬೇಕೇ!

ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಂದು ಕೆಲಸ ಮಾಡಿದಳು. ಬಿಂದಿಗೆಯನ್ನು ನೆಲದ ಮೇಲಿಟ್ಟು, ಹಿಂದೆ ಸರಿದು, ಕೈಕಟ್ಟಿ ನಿಂತಳು.

ನಾನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಇನ್ನೊಂದು ಬೀದಿಯವರ ಹತ್ತಿರ ನೀರು ಇಸಿದುಕೊಳ್ಳುವುದು ಎಂದರೆ ಹೀಗೆ ಎಂದು ಅವಳು ನೋಡಿದ್ದದ್ದೇ ಅದೊಂದು ರೀತಿ. ಪಾಪ, ಬೇರೆ ರೀತಿ ಅವಳಿಗೆ ಗೊತ್ತೇ ಇರಲಿಲ್ಲ. ಹೊಸ ಸೀರೆ ಉಟ್ಟುಕೊಂಡು, ತಲೆ ತಗ್ಗಿಸಿಕೊಂಡು, ನೆಟ್ಟಗೆ ನಮ್ಮತ್ತೆ ನಿಂತ ಹಾಗೆ ನಿಂತಿದ್ದಳು.

ಎದುರು ಮನೆಯ ಬಾಗಿಲಲ್ಲಿ ತನುಜ ಬಂದು ನಿಂತಿದ್ದಳು, ಕೈತುಂಬ ಕಣಕದ ಹಿಟ್ಟು. ನನ್ನನ್ನೇ ನೋಡುತ್ತಿದ್ದಳು. ಬೇಡಿ ಅತ್ತೆ ಎನ್ನಲಿಲ್ಲ, ಸುಮ್ನಿರಿ ಅತ್ತೆ ಎನ್ನಲಿಲ್ಲ. ನನ್ನ ನಾಲಿಗೆ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಒಂದು ಮಾತು ಆಡಿದರೆ ಆ ಬಿಂದಿಗೆ ಖಾಲಿ ವಾಪಸ್ ಹೋಗುತ್ತದೆ, ಅದರ ಹಿಂದೆ ಮಷಿನ್ನೂ ಹೋಗುತ್ತದೆ, ಸೌಜನ್ಯಳ ಹಲ್ಲೂ ಹೋಗುತ್ತದೆ. ಅಷ್ಟು ಗೊತ್ತಿದ್ದೂ ಅವಳು ಪೈಪನ್ನು ನನ್ನ ಕೈಯಲ್ಲೇ ಬಿಟ್ಟಿದ್ದಳು. ಅಯ್ಯೋ, ಎಂಥ ಗಟ್ಟಿಗಿತ್ತಿ!

ಕುರ್ಚಿಯಿಂದ ಎದ್ದೆ. ಬಿಂದಿಗೆಯ ಕಂಠ ಒಂದು ಕೈಯಲ್ಲಿ ಹಿಡಿದು, ಪೈಪನ್ನು ಬಾಯೊಳಕ್ಕೆ ಇಳಿಬಿಟ್ಟೆ. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ತುಂಬಿತು.

"ಅಲ್ಯಾಕೆ ನಿಂತಿದ್ದೀಯಮ್ಮ? ಹತ್ರ ಬಾ" ಎಂದೆ. "ನನ್ ಮೊಣಕಾಲು ಬಗ್ಗಲ್ಲ. ಒಬ್ಳೇ ಎತ್ತಕ್ಕಾಗಲ್ಲ. ಒಂದ್ ಕೈ ಹಿಡಿ."

ಅವಳು ತಲೆ ಎತ್ತಿದಳು. "ನನ್ ಸೊಂಟಾನೂ ಹಂಗೇ ಆಗೈತೆ ಕಣಕ್ಕ" ಎಂದಳು.

ಅಕ್ಕ! ಆ ಮನೆಯವರ ಬಾಯಲ್ಲಿ ನಾನು ಕೊಂಡಿಯಾಗಿ, ಕೊಂಡಮ್ಮನಾಗಿ, ಅವತ್ತು ಅಕ್ಕನಾದೆ. ಬಿಂದಿಗೆಯ ಕಂಠಕ್ಕೆ ಇಬ್ಬರ ಕೈಗೂ ಜಾಗವಿರಲಿಲ್ಲ. ನನ್ನ ಕೈಯ ಮೇಲೆಯೇ ಅವಳು ಕೈ ಇಟ್ಟಳು. ಒಂದೇ ನೀರು ಕುಡಿದು ಕೆಟ್ಟ ಎರಡು ಮುದಿ ಮೈಗಳು, "ಅಮ್ಮಾ" ಎಂದು ಒಟ್ಟಿಗೇ ನರಳಿಕೊಂಡು ಅದನ್ನು ಅವಳ ಸೊಂಟಕ್ಕೆ ಏರಿಸಿದೆವು. ಏರಿಸಿದ ಮೇಲೆ ಇಬ್ಬರಿಗೂ ನಗು ಬಂತು. ಅವಳ ಹಲ್ಲಿನಲ್ಲೂ ಗೆರೆ ಇರುವುದನ್ನು ಅವತ್ತೇ ನಾನು ನೋಡಿದ್ದು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿಯ ಮೊದಲ ಮನೆಯಾದ ಲಕ್ಷ್ಮೀನರಸಮ್ಮನ ಮನೆಯಿಂದಲೂ ಏಲಕ್ಕಿ ವಾಸನೆ ಬಂತು. ಮೊದಲು ಹೋದವಳಿಗೆ ಅಪವಾದ, ಆಮೇಲೆ ಹೋದವರಿಗೆ ನೀರು. ಸಂಜೆ ಡೈರಿಗೆ ಬಂದವರಲ್ಲಿ ಹಲವರ ಒಂದು ಕೈಯಲ್ಲಿ ಹಾಲಿತ್ತು, ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನು. ಎಲ್ಲರೂ ಬಂದರು ಎಂದು ಸುಳ್ಳು ಹೇಳಲಾರೆ. ಕೆಲವರು ಈಗಲೂ ಸಾದಲಿಯ ಟೆಂಪೋವನ್ನೇ ಕಾಯುತ್ತಾರೆ, ಕಾಯಲಿ. ಆದರೆ ಬರಬೇಕಾದಷ್ಟು ಮಂದಿ ಬಂದರು. ವೆಂಕಟರವಣಪ್ಪ ಕೂಡ ಬಂದ, "ಹೆಂಡ್ತಿ ಕಾಟ" ಎಂದು ಯಾರೂ ಕೇಳದೆಯೇ ಹೇಳಿಕೊಂಡ. ಆಶಾರಾಣಿ ಗಂಡನನ್ನು ಕರೆದುಕೊಂಡು ಬಂದು, ನಲ್ಲಿಯ ಹತ್ತಿರವೇ ಒಂದು ಲೋಟ ಹಿಡಿದು ಕುಡಿದಳು. ಹಬ್ಬ ಮುಗಿಸಿಕೊಂಡು ಬಂದ ಮೋಹನ್‌ಬಾಬು ಎಲ್ಲಾ ನೋಡಿ, ಮಷಿನ್ ಎಲ್ಲಿಗೂ ಹೋಗುವುದಿಲ್ಲ ಎಂದ.

ಅವತ್ತು ಯುಗಾದಿಯ ಸಂಜೆ ನಮ್ಮ ಯಜಮಾನರು ಭವನದ ಜಗಲಿಯ ಮೇಲೆ ಮಷಿನ್ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಸಾಲು ಅವರ ಬೆನ್ನ ಹಿಂದೆ ಡೈರಿಯ ತನಕ ಬೆಳೆದಿತ್ತು.

"ಏನೇ ಅದು ಸದ್ದು ಹಿಂದೆ?" ಎಂದರು.

"ತಿರುಗಿ ನೋಡಯ್ಯ" ಎಂದೆ.

ನಿಧಾನವಾಗಿ ಇಡೀ ಮೈ ತಿರುಗಿಸಿ ನೋಡಿದರು. ಈ ಸಲ ಯಾವ ಹುಡುಗನೂ ಲಾರಿ ಗೀರಿ ಎನ್ನಲಿಲ್ಲ. ನೋಡುತ್ತಾ ನೋಡುತ್ತಾ ಅವರ ಕಣ್ಣು ತುಂಬಿತು. ನನಗೆ ಇನ್ನು ತಡೆಯಲಾಗಲಿಲ್ಲ. ನಮ್ಮತ್ತೆ ಮೇಲಿನಿಂದ ಬೈದರೂ ಬೈಯಲಿ ಎಂದುಕೊಂಡು, ಎರಡು ಬೀದಿಯ ಮಂದಿಯ ಮುಂದೆ ಪೈಪು ಹಿಡಿದುಕೊಂಡೇ ಕೂಗಿದೆ: "ನೋಡ್ಕೊಳ್ರಪ್ಪಾ ಎಲ್ರೂ! ನನ್ ಸೊಸೆ ಅಂದ್ರೆ ಚಿನ್ನ ಕಣ್ರೋ, ಅಪ್ಪಟ ಚಿನ್ನ! ಇಂಥವಳು ಏಳು ಊರು ಹುಡುಕಿದ್ರೂ ಸಿಗಲ್ಲ!"

ತನುಜಳ ಮುಖ ಕೆಂಪಗಾಯಿತು. ಓಡಿ ಬಂದು ನಲ್ಲಿ ತಿರುಗಿಸಿದಳು.

"ಸುಮ್ನಿರಿ ಅತ್ತೆ" ಎಂದಳು. "ನೀರು ಚೆಲ್ತಾ ಐತೆ."